ಸುಳ್ಳು ದೀಪ

ಇದು ನಾನು ಕಣ್ಣಾರೆ ಕಂಡದ್ದಲ್ಲ. ಆದರೂ ನಾನು ಅಲ್ಲೇ ಇದ್ದೆ. ಅಮ್ಮನ ಹೊಟ್ಟೆಯೊಳಗೆ ಕೂತು ದೀಪಸ್ತಂಭದ ಮೆಟ್ಟಿಲು ಹತ್ತಿದ್ದೆ, ಇಳಿದಿದ್ದೆ, ಸೈನಿಕರ ಬೈಗುಳವನ್ನೆಲ್ಲ ಕೇಳಿಸಿಕೊಂಡಿದ್ದೆ. ಹಾಗಾಗಿ ಈ ಕಥೆ ಹೇಳುವ ಹಕ್ಕು ಊರಿನ ಬೇರೆಯವರಿಗಿಂತ ನನಗೆ ಗುಲಗಂಜಿಯಷ್ಟಾದರೂ ಹೆಚ್ಚಿದೆ.

ನಮ್ಮ ಅಜ್ಜ ಆ ದೀಪಸ್ತಂಭದ ಹಿರಿಯ ದೀಪಗಾರ. ಊರಿನವರು ಅವನಿಗೆ ಇಟ್ಟ ಹೆಸರು ಗಡಿಯಾರ. ಮದುವೆ ಮಾತುಕತೆಯಿರಲಿ, ಸಾವಿನ ಮನೆಯಿರಲಿ, ಹೊತ್ತಾಯಿತೆಂದರೆ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹೊರಟುಬಿಡುತ್ತಿದ್ದ. ಗೋಪುರದ ಯಂತ್ರಕ್ಕೆ ಕೀಲಿ ಕೊಡಬೇಕಿತ್ತು. ಅಪ್ಪ ಅವನ ಸಹಾಯಕ. ಅಮ್ಮ ಕನ್ನಡಕದ ಅಂಗಡಿಯವನ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಗೋಪುರದ ತುದಿಗೆ ಹೋಗಿ ಆ ಗಾಜನ್ನು ನೋಡಿದವಳು ಕೆಳಗಿಳಿಯುವುದನ್ನೇ ಮರೆತಿದ್ದಳಂತೆ.

ಆ ಗಾಜು ಹಾಗಿತ್ತು. ಆಳೆತ್ತರದ ಹಿತ್ತಾಳೆಯ ಚೌಕಟ್ಟು, ಅದರ ತುಂಬ ಪಟ್ಟಿಪಟ್ಟಿಯಾಗಿ ಜೋಡಿಸಿದ ದಪ್ಪ ಗಾಜುಗಳು. ನಟ್ಟನಡುವೆ ಉರಿಯುವ ದೀಪ ಮಾತ್ರ ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕದು. ಆ ಪುಟ್ಟ ಬೆಳಕನ್ನು ಅತ್ತಿತ್ತ ಚೆಲ್ಲಿಹೋಗಲು ಬಿಡದೆ, ಬಾಚಿ ಕಟ್ಟು ಕಟ್ಟಿ ಕಡಲಿನತ್ತ ಎಸೆಯುವುದು ಗಾಜಿನ ಕೆಲಸ. ಇಡೀ ಚೌಕಟ್ಟು ಪಾದರಸದ ತೊಟ್ಟಿಯ ಮೇಲೆ ತೇಲುತ್ತಿತ್ತು. ಅಷ್ಟು ಭಾರದ ವಸ್ತುವನ್ನು ಕಿರುಬೆರಳಲ್ಲಿ ನೂಕಿದರೂ ತಿರುಗುತ್ತಿತ್ತು. ಗೋಪುರದ ಒಡಲಿನುದ್ದಕ್ಕೂ ಸರಪಳಿಯಲ್ಲಿ ಇಳಿಯುವ ಕಬ್ಬಿಣದ ಭಾರವೇ ಅದನ್ನು ತಿರುಗಿಸುವ ಶಕ್ತಿ. ಭಾರ ತಳ ಮುಟ್ಟುವ ಮೊದಲು ಹಿಡಿಕೆ ಸುತ್ತಿ ಮತ್ತೆ ಮೇಲಕ್ಕೆಳೆಯಬೇಕು. ರಾತ್ರಿಯೆಲ್ಲ ಇದೇ.

ಗಾಜು ತಿರುಗುವುದರಿಂದ ದೂರದ ಹಡಗಿಗೆ ನಮ್ಮ ದೀಪ ಎರಡು ಸಲ ಮಿಂಚಿ, ಆಮೇಲೆ ಉದ್ದಕ್ಕೆ ಕತ್ತಲಾಗಿ ಕಾಣುತ್ತಿತ್ತು. ಅದು ನಮ್ಮ ದೀಪದ ಗುರುತು. ದಕ್ಷಿಣಕ್ಕೆ ಅರ್ಧ ದಿನದ ದಾರಿಯಲ್ಲಿದ್ದ ದೊಡ್ಡ ಬಂದರಿನ ದೀಪ ಮಿಂಚುವುದಿಲ್ಲ, ಒಂದೇ ಸಮ ಉರಿಯುತ್ತದೆ. ಅದನ್ನು ಕಂಡರೆ ನೇರ ಒಳಗೆ ಬಾ ಎಂದರ್ಥ. ನಮ್ಮದನ್ನು ಕಂಡರೆ ಹತ್ತಿರ ಬರಬೇಡ, ಬಳಸಿಕೊಂಡು ಹೋಗು ಎಂದರ್ಥ.

ಏಕೆಂದರೆ ನಮ್ಮ ಗೋಪುರದ ಎದುರಿಗೆ ನೀರಿನಡಿಯಲ್ಲಿ ಸಾಲುಸಾಲು ಚೂಪು ಬಂಡೆಗಳಿವೆ. ಊರಿನವರು ಅದನ್ನು ದವಡೆ ಎನ್ನುತ್ತಾರೆ. ಗೋಪುರ ಕಟ್ಟುವ ಮುಂಚೆ ದವಡೆಯೇ ಊರನ್ನು ಸಾಕುತ್ತಿತ್ತು. ಅದಕ್ಕೆ ಸಿಕ್ಕ ಹಡಗಿನ ಹಲಗೆ, ಹಗ್ಗ, ಬಟ್ಟೆಯ ಗಂಟು, ಪೀಪಾಯಿ ಎಲ್ಲವೂ ಅಲೆಯ ಜೊತೆ ದಡ ಸೇರುತ್ತಿದ್ದವು. ಹಳೆಯ ಬೀದಿಯ ಕೆಲವು ಮನೆಗಳ ಬಾಗಿಲು ಇವತ್ತಿಗೂ ತುಸು ಬಾಗಿವೆ. ಅವು ಹಡಗಿನ ಹೊಟ್ಟೆಯ ಹಲಗೆಗಳು. ಗಾಳಿ ಜೋರಾದ ದಿನ ಕೆಲವರು ಗುಡ್ಡದ ಮೇಲೆ ಲಾಟೀನು ಹಚ್ಚಿಡುತ್ತಿದ್ದರಂತೆ, ಹಡಗಿನವನು ಅದನ್ನು ಬಂದರಿನ ದೀಪವೆಂದು ನಂಬಿ ಬರಲಿ ಎಂದು. ಗೋಪುರ ಎದ್ದಾಗ ಮೊದಲ ದೀಪಗಾರನಾಗಿ ಹೋದವನು ಅಜ್ಜನ ಅಜ್ಜ. ನಮ್ಮ ಹೊಟ್ಟೆಯ ಮೇಲೆ ಹೊಡೆದೆ ಎಂದು ಊರು ಅವನ ಕಿಟಕಿಗೆ ಕಲ್ಲು ತೂರಿತು, ನೀರು ಕೊಡಲಿಲ್ಲ, ಅವನ ಮಕ್ಕಳಿಗೆ ಹೆಣ್ಣು ಕೊಡಲಿಲ್ಲ. ಅವನು ಒಡೆದ ಕಿಟಕಿಗೆ ಹಲಗೆ ಬಡಿದು ದೀಪ ಹಚ್ಚುತ್ತಲೇ ಹೋದ. ನಮ್ಮ ಮನೆತನದ ಮೊಂಡುತನ ಅಲ್ಲಿಂದ ಬಂದದ್ದು.

ಯುದ್ಧ ಬಂತು. ಪರಕೀಯ ಸೈನ್ಯ ಗಡಿ ದಾಟಿ ಒಳಗೆ ನುಗ್ಗಿತು. ದೀಪದ ಬತ್ತಿ ತರಲು ಪೇಟೆಗೆ ಹೋಗಿದ್ದ ಅಪ್ಪನನ್ನು ಕಂದಕ ತೋಡುವ ಕೂಲಿಗೆಂದು ಬೀದಿಯಲ್ಲೇ ಹಿಡಿದು ಲಾರಿಗೆ ಹತ್ತಿಸಿದರು. ಸುದ್ದಿ ತಂದವನು ಊರಿನ ದರ್ಜಿ. ಅದರ ಜೊತೆ ಇನ್ನೊಂದು ಸುದ್ದಿಯನ್ನೂ ತಂದಿದ್ದ: ಅವರು ಕರಾವಳಿಯತ್ತ ಬರುತ್ತಿದ್ದಾರೆ, ದೀಪಸ್ತಂಭ ಬೇಕಂತೆ.

ಅಜ್ಜ ಎದ್ದು ಸ್ಕ್ರೂ ತಿರುಗಿಸುವ ಉಳಿ ಹುಡುಕತೊಡಗಿದ.

"ಏನು ಮಾಡ್ತೀರಿ?" ಅಂದಳು ಅಜ್ಜಿ.

"ಗಾಜು ಬಿಚ್ಚಿ ಇಡ್ತೀನಿ. ನನ್ನ ಮಗನ್ನ ಎಳ್ಕೊಂಡು ಹೋದೋರಿಗೆ ನಾನು ದೀಪ ಹಿಡೀಬೇಕಾ?"

ಗಾಜನ್ನು ಒಂದೊಂದೇ ಪಟ್ಟಿಯಾಗಿ ಬಿಚ್ಚಿದವಳು ಅಮ್ಮ. ಅಜ್ಜನ ಕಣ್ಣಿಗೆ ಆಗಲೇ ಸಣ್ಣ ಸ್ಕ್ರೂಗಳು ಕಾಣುತ್ತಿರಲಿಲ್ಲ. ಬಿಚ್ಚಿದ್ದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅವನ ಕೈಗೆ ಕೊಡುತ್ತಿದ್ದಳು. ಅವನು ಅದನ್ನು ಎದೆಗವಚಿಕೊಂಡು ಇಳಿಯುವುದನ್ನು ನೋಡಿ ಅಜ್ಜಿ, "ಸ್ವಂತ ಮಕ್ಕಳನ್ನ ಒಂದಿನವೂ ಹೀಗೆ ಎತ್ಕೊಂಡವರಲ್ಲ ನೀವು" ಎಂದು ಮೂಗು ಮುರಿದಳು. ಆದರೆ ತನ್ನ ಮದುವೆಯ ಸೀರೆಯನ್ನೂ ಸುತ್ತಲು ಕೊಟ್ಟಳು.

ಗಾಜುಗಳು ಊರ ತುಂಬ ಹಂಚಿಹೋದವು. ದರ್ಜಿಯ ಬಟ್ಟೆ ಕಟ್ಟಿನೊಳಗೆ ಕೆಲವು, ಬೇಕರಿಯ ಹಿಟ್ಟಿನ ಡಬ್ಬದಲ್ಲಿ ಕೆಲವು, ಸೂಲಗಿತ್ತಿಯ ಮನೆಯ ತೊಟ್ಟಿಲಲ್ಲಿ ಹಾಸಿಗೆಯ ಕೆಳಗೆ ಕೆಲವು. ಒಂದು ಕಾಲಕ್ಕೆ ದೀಪಗಾರನ ಕಿಟಕಿಗೆ ಕಲ್ಲು ಹೊಡೆದವರ ಮೊಮ್ಮಕ್ಕಳು ಯಾರೊಬ್ಬರೂ ಒಲ್ಲೆನ್ನಲಿಲ್ಲ. ನಡುವಿನ ದೊಡ್ಡ ಗುಂಡು ಗಾಜು, ಬೆಳಕನ್ನೆಲ್ಲ ಹಿಡಿದು ಕೊಡುವ ಮುಖ್ಯ ಗಾಜು, ಚಿಕ್ಕಪ್ಪನ ಪಾಲಿಗೆ ಹೋಯಿತು. ಚಿಕ್ಕಪ್ಪ ಅಪ್ಪನ ತಮ್ಮ. ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವ ಕೆಲಸ. ಸೈನ್ಯದ ವಿರುದ್ಧ ಗುಟ್ಟಾಗಿ ಓಡಾಡುವವರ ಗುಂಪಿಗೆ ಸೇರಿದ್ದಾನೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಸೈನ್ಯದ ಅಧಿಕಾರಿ ಬಂದಾಗ ಗೋಪುರದ ತುದಿಯಲ್ಲಿ ಗಾಜಿಲ್ಲದ ಖಾಲಿ ಚೌಕಟ್ಟಷ್ಟೇ ಇತ್ತು. ಅವನು ಬಾಯಿ ಮಾಡುವ ಜಾತಿಯವನಲ್ಲ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನಂತೆ ನಿಧಾನ ಮಾತಾಡುತ್ತಿದ್ದ.

"ಗಾಜು ಎಲ್ಲಿ?"

"ಒಡೆದುಹೋಯ್ತು" ಅಂದ ಅಜ್ಜ.

"ಚೂರು ಎಲ್ಲಿ?"

"ಗುಡಿಸಿ ಎಸೆದೆ" ಅಂದಳು ಅಜ್ಜಿ. "ಮನೇಲಿ ಬಸುರಿ ಓಡಾಡ್ತಾಳೆ. ಕಾಲಿಗೆ ಚುಚ್ಚಿದ್ರೆ ಯಾರು ಹೊಣೆ? ನೀವು ಬರ್ತೀರಾ?"

ಅವನು ನಗಲಿಲ್ಲ. ಅಜ್ಜನನ್ನು ಎಣ್ಣೆ ಪೀಪಾಯಿಗಳ ಕೋಣೆಗೆ ಹಾಕಿ ಬೀಗ ಜಡಿಸಿದ. ಸೈನಿಕರು ನಮ್ಮ ಮನೆಯಲ್ಲೇ ಬೀಡುಬಿಟ್ಟರು. ದಿನಾ ಬೆಳಿಗ್ಗೆ ಅಧಿಕಾರಿ ಎಣ್ಣೆ ಕೋಣೆಯ ಬಾಗಿಲಿಗೆ ಹೋಗಿ ಅದೇ ಪ್ರಶ್ನೆ ಕೇಳುತ್ತಿದ್ದ, ಅಜ್ಜ ಅದೇ ಉತ್ತರ ಕೊಡುತ್ತಿದ್ದ. ಕೊನೆಕೊನೆಗೆ ಉತ್ತರ ಕೊಡುವುದನ್ನೂ ಬಿಟ್ಟು ಬಾಗಿಲ ಕಡೆ ಬೆನ್ನು ಹಾಕಿ ಕೂರುತ್ತಿದ್ದ.

ಒಂದು ಮಧ್ಯಾಹ್ನ ಚಿಕ್ಕಪ್ಪ ಇದ್ದಿಲು ಮಾರುವವನ ವೇಷದಲ್ಲಿ ಹಿತ್ತಲ ಬಾಗಿಲಿಗೆ ಬಂದ. ಮುಖಕ್ಕೆಲ್ಲ ಮಸಿ. ಅಜ್ಜಿ ಮೊದಲು ಗುರುತು ಹಿಡಿಯದೆ ಚೌಕಾಸಿಗೆ ಇಳಿದಿದ್ದಳಂತೆ.

"ಅತ್ತಿಗೆ, ನಾಳೆ ಸಂಜೆ ಇವರ ಹಡಗು ಬರ್ತಿದೆ" ಅಂದ, ಚೀಲ ಇಳಿಸುವ ನೆಪದಲ್ಲಿ ಬಗ್ಗಿ. "ಮದ್ದುಗುಂಡು, ಬಂದೂಕು, ಎಲ್ಲಾ ಅದರಲ್ಲೇ ಇದೆ. ಇಲ್ಲಿ ಹೊರಗಡೆ ಲಂಗರು ಹಾಕಿ ದೋಣೀಲಿ ಇಳಿಸ್ಕೋತಾರೆ. ಇವರು ಹೇಗೂ ಒಂದು ದೀಪ ಹಚ್ತಾರೆ. ನೀನು ಒಳಗೇ ಇದೀಯ. ಅದು ದಕ್ಷಿಣದ ದೀಪದ ಥರ ಕಾಣೋ ಹಾಗೆ ಮಾಡು. ದವಡೆ ಉಳಿದದ್ದು ನೋಡ್ಕೊಳ್ಳುತ್ತೆ."

ಅಮ್ಮ ಕೂಡಲೇ ತಲೆಯಾಡಿಸಿದಳು. "ಆಗಲ್ಲ."

"ಯಾಕಾಗಲ್ಲ?"

"ದೀಪ ಹಚ್ಚದೇ ಇರ್ತೀನಿ. ಎಷ್ಟು ಹೊಡೆದ್ರೂ ಹಚ್ಚಲ್ಲ. ಸುಳ್ಳು ದೀಪ ಮಾತ್ರ ಹಚ್ಚಲ್ಲ."

"ನನ್ನ ಅಣ್ಣನ್ನ ಎಳ್ಕೊಂಡು ಹೋಗಿದಾರೆ. ನಿನ್ನ ಗಂಡ ಅವನು! ನೆನಪಿದೆ ತಾನೆ?"

ಈ ಮಾತಿಗೆ ಅಮ್ಮ ಅವನ ಕೆನ್ನೆಗೆ ಬಾರಿಸಿದಳಂತೆ. ಅಂಗೈಗೆ ಮಸಿ ಮೆತ್ತಿತು. ಅಜ್ಜಿ ಮಗನ ಪರ ನಿಂತಳು. "ಮುಳುಗಲಿ ಬಿಡೇ. ನನ್ನ ಮಗನ್ನ ತಿಂದೋರು ಅವರು. ನಿನಗ್ಯಾಕೆ ಅವರ ಮೇಲೆ ಕನಿಕರ?"

"ಕನಿಕರ ಅಲ್ಲ ಅತ್ತೆ" ಅಂದಳು ಅಮ್ಮ. ಸೀದಾ ಎಣ್ಣೆ ಕೋಣೆಯ ಹಿಂದಿನ ಪುಟ್ಟ ಕಿಟಕಿಗೆ ಹೋಗಿ ಅಜ್ಜನಿಗೆ ಎಲ್ಲ ಹೇಳಿದಳು.

ಅಜ್ಜ ಕಿಟಕಿಯ ಸರಳು ಹಿಡಿದು ನಿಂತಿದ್ದ. "ನಾನು ಒಳಗಿದೀನಿ, ಹುಡುಗಿ. ಈಗ ದೀಪ ನಿಂದು" ಎಂದಷ್ಟೇ ಹೇಳಿದ. ಹೀಗೆ ಮಾಡು ಎನ್ನಲಿಲ್ಲ, ಮಾಡಬೇಡ ಎನ್ನಲೂ ಇಲ್ಲ. ಆ ಮೌನಕ್ಕೆ ಅಮ್ಮನಿಗೆ ಅವನ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು.

ಮರುದಿನ ಸೈನಿಕರು ಎರಡು ಲಾರಿಗಳ ಮುಂದಿನ ದೀಪಗಳನ್ನು ಕಿತ್ತು, ಬ್ಯಾಟರಿಗಳ ಸಮೇತ ಗೋಪುರದ ತುದಿಗೆ ಹೊತ್ತರು. ಮೂರು ಕಾಲಿನ ಮಣೆಯೊಂದನ್ನು ಮಾಡಿ ಅದರ ಮೇಲೆ ಕಟ್ಟಿದರು. ಅಧಿಕಾರಿ ಅಮ್ಮನನ್ನು ಕರೆಸಿದ. ಕಡಲ ಗಾಳಿಗೆ ಗೋಪುರದ ಕಿಟಕಿಗಳ ಮೇಲೆ ಪ್ರತಿದಿನ ಉಪ್ಪಿನ ಪೊರೆ ಕೂರುತ್ತದೆ. ಸಂಜೆ ಅದನ್ನು ಒರೆಸದಿದ್ದರೆ ಎಂಥ ದೀಪವೂ ಮಂಕು. ಗಾಜು ಬಿಚ್ಚಿದ ದಿನದಿಂದ ಯಾರೂ ಒರೆಸಿರಲಿಲ್ಲ.

"ಕಿಟಕಿ ಶುಚಿ ಮಾಡು" ಅಂದ.

ಅಮ್ಮ ಬಕೆಟ್ಟು, ಬಟ್ಟೆ ಹಿಡಿದು ಏದುಸಿರು ಬಿಡುತ್ತ ಹತ್ತಿದಳು. ಕಟ್ಟಿದ ದೀಪಗಳನ್ನು ನೋಡಿದಳು. ಸೂರ್ಯ ಮುಳುಗಿ ಕಡಲಿನ ಬಣ್ಣ ಸೀಸದಂತಾಗಿತ್ತು. ಸೈನಿಕನೊಬ್ಬ ತಂತಿ ಸೇರಿಸಿದ. ಎರಡೂ ದೀಪಗಳು ಒಟ್ಟಿಗೆ ಹೊತ್ತಿಕೊಂಡವು, ಮಿನುಗದೆ, ಅಲುಗದೆ, ಒಂದೇ ಸಮ.

ಯಾರೂ ಬೇಕೆಂದು ಮಾಡಿದ್ದಲ್ಲ. ತಿರುಗಿಸಲು ಗಾಜಿಲ್ಲ, ಬೇರೆ ದಾರಿ ಅವರಿಗೆ ತೋಚಿರಲಿಲ್ಲ. ಆದರೆ ಚಿಕ್ಕಪ್ಪ ಕೇಳಿಕೊಂಡ ದೀಪ ಅದೇ. ಅಮ್ಮ ಕೈಕಟ್ಟಿ ನಿಂತಿದ್ದರೆ ಸಾಕಿತ್ತು.

ಅವಳು ಬಟ್ಟೆ ಕೆಳಗಿಟ್ಟು ಅಧಿಕಾರಿಯ ಎದುರು ನಿಂತಳು.

"ಇದನ್ನ ಆರಿಸಿ. ಹಡಗಿನೋನು ಇದನ್ನ ದಕ್ಷಿಣದ ಬಂದರು ಅಂದ್ಕೋತಾನೆ. ನೇರ ಬಂಡೆ ಮೇಲೆ ಬರ್ತಾನೆ."

ಅಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಗಾಜು ಬಚ್ಚಿಟ್ಟವಳು ನೀನು. ಈಗ ನಮ್ಮ ಹಡಗಿನ ಚಿಂತೆ ನಿನಗೆ?"

"ನಿಮ್ಮ ಹಡಗಿನ ಚಿಂತೆ ನನಗಿಲ್ಲ. ದೀಪ ಸುಳ್ಳು ಹೇಳ್ತಿದೆ, ಆರಿಸಿ."

"ಆರಿಸಿದರೆ ಹಡಗು ಬರುವುದಿಲ್ಲ. ನಿನಗೆ ಬೇಕಾದದ್ದೂ ಅದೇ." ಅವನು ತಾನೇ ಗೆದ್ದವನಂತೆ ತಲೆದೂಗಿದ. "ಕಿಟಕಿ ಒರೆಸು."

ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲವೇನೋ. ಅವನು ದುರ್ಬೀನು ಹಿಡಿದು ಕೆಳಗಿನ ದಂಡೆಗೆ ಹೋದ. ಕಾವಲಿಗೆ ಬಿಟ್ಟ ಸೈನಿಕ ಎತ್ತರಕ್ಕೆ ಹೆದರುವ ಪ್ರಾಣಿ. ಗಾಜಿನ ಕೋಣೆಯಲ್ಲಿ ನಿಲ್ಲಲಾರದೆ ನೆಲದ ಕಬ್ಬಿಣದ ಬಾಗಿಲಿನಿಂದ ಕೆಳಗಿಳಿದು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ.

ಅಮ್ಮ ಒರೆಸಿದ ಕಿಟಕಿಯಿಂದ ಕಡಲು ನೋಡಿದಳು. ಹಡಗು ಕಂಡಿತು. ಯುದ್ಧದ ಕಾಲವಾದ್ದರಿಂದ ಅದರ ದೀಪಗಳು ಮಂದವಾಗಿದ್ದವು. ಆದರೂ ಎರಡು ಚುಕ್ಕಿ, ಎಡಬದಿಯ ಕೆಂಪು, ಬಲಬದಿಯ ಹಸಿರು, ಎರಡೂ ಒಟ್ಟಿಗೆ. ಪಕ್ಕದಿಂದ ಹೋಗುವ ಹಡಗಿನ ಒಂದೇ ಬಣ್ಣ ಕಾಣುತ್ತದೆ. ಎರಡೂ ಕಂಡರೆ ಅದು ನಮ್ಮ ಕಡೆಗೇ ಮುಖ ಮಾಡಿದೆ.

ಆ ಗಳಿಗೆಯಲ್ಲಿ ಏನನ್ನಿಸಿತು ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅಪ್ಪನ ಮುಖ ಕಣ್ಣೆದುರು ಬಂತಂತೆ. ಬಿಡು, ಮುಳುಗಲಿ ಎಂದು ಅರ್ಧ ಮನಸ್ಸು ಹೇಳಿತಂತೆ. "ಆಮೇಲೆ ಆ ಹಡಗಲ್ಲಿ ಕಲ್ಲಿದ್ದಲು ಹಾಕೋನು ಒಬ್ಬ ಇರ್ತಾನಲ್ಲ, ಅವನು ನೆನಪಾದ" ಎನ್ನುತ್ತಿದ್ದಳು. "ಅವನಿಗೆ ಕಿಟಕಿಯೂ ಇರಲ್ಲ. ಮೇಲಿನೋನು ದೀಪ ನೋಡಿದಾನೆ ಅನ್ನೋ ಧೈರ್ಯದಲ್ಲಿ ಸಲಿಕೆ ಎತ್ತುತಿರ್ತಾನೆ."

ಅವಳು ಮೊದಲು ನೆಲದ ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಆಮೇಲೆ ಬಕೆಟ್ಟಿನ ತಣ್ಣೀರನ್ನು ಎತ್ತಿ ಉರಿಯುವ ದೀಪಗಳ ಮೇಲೆ ಸುರಿದಳು. ಕಾದ ಗಾಜು ಪಟಾರನೆ ಸಿಡಿಯಿತು. ತಂತಿಗಳು ಚಟಚಟ ಎಂದವು, ಸುಟ್ಟ ವಾಸನೆ ಬಂತು, ಕೋಣೆ ಕತ್ತಲಾಯಿತು.

ಕೆಳಗಿನಿಂದ ಸೈನಿಕ ಬಾಗಿಲು ಗುದ್ದತೊಡಗಿದ. ಅಗುಳಿ ಹಳೆಯದು, ಬಾಗಿಲು ಕುಣಿಯುತ್ತಿತ್ತು. ಅಮ್ಮ ಬಾಗಿಲ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು. "ನೀನೂ ಆಗ ಗುಂಡುಗುಂಡಗೆ ಇದ್ದೆ. ಇಬ್ಬರ ಭಾರ ಸೇರಿ ಸರಿಹೋಯ್ತು" ಎಂದು ನಗುತ್ತಿದ್ದಳು. ಆದರೆ ಅವತ್ತು ನಕ್ಕಿರಲಾರಳು. ಬೂಟುಗಳು ಮೆಟ್ಟಿಲು ಹತ್ತುವ ಸದ್ದು, ಬಂದೂಕಿನ ಹಿಡಿಯಿಂದ ಬಾಗಿಲಿಗೆ ಹೊಡೆಯುವ ಸದ್ದು. ಪ್ರತಿ ಹೊಡೆತವೂ ಬೆನ್ನೆಲುಬಿಗೆ ತಾಕುತ್ತಿತ್ತು. ಎರಡೂ ಕೈ ಹೊಟ್ಟೆಗೆ ಅಡ್ಡ ಹಿಡಿದು, ಕಣ್ಣನ್ನು ಮಾತ್ರ ಕಡಲಿನಿಂದ ಕೀಳಲಿಲ್ಲ.

ಕೆಂಪು, ಹಸಿರು. ಕೆಂಪು, ಹಸಿರು. ಎರಡೂ ದೊಡ್ಡದಾಗುತ್ತಿದ್ದವು. ದಂಡೆಯಿಂದ ಓಡಿಬಂದ ಅಧಿಕಾರಿ ಬಾಗಿಲ ಕೆಳಗಿನಿಂದ ಗುಂಡು ಹಾರಿಸುತ್ತೇನೆಂದು ಕೂಗಿದ.

"ಹಾರಿಸು!" ಎಂದು ಇವಳೂ ಕೂಗಿದಳು. "ಕಬ್ಬಿಣದ ಬಾಗಿಲು. ಗುಂಡು ವಾಪಸ್ಸು ಬಂದು ನಿನಗೇ ಬೀಳುತ್ತೆ!"

ಕೆಂಪು ಚುಕ್ಕಿ ಮಂಕಾಯಿತು. ಮತ್ತೆ ಕಂಡಿತು. ಆಮೇಲೆ ಇಲ್ಲವಾಯಿತು. ಹಸಿರೊಂದೇ ಉಳಿದು, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತ ಹೋಯಿತು. ನಂಬಿ ಬಂದ ದೀಪ ಇದ್ದಕ್ಕಿದ್ದಂತೆ ಆರಿದ್ದು ಕಂಡು ಕಪ್ತಾನ ಹಡಗನ್ನು ಹೊರಳಿಸಿ ಆಳ ನೀರಿಗೆ ಹೊರಟಿದ್ದ. ಅಮ್ಮ ಅದು ಪೂರ್ತಿ ಕಾಣದಾಗುವವರೆಗೂ ಕೂತಿದ್ದು, ಎದ್ದು ತಾನೇ ಅಗುಳಿ ತೆಗೆದಳು.

ಹೊಡೆದರು. ಎಲ್ಲಿಗೆ, ಹೇಗೆ ಎಂದು ಅವಳು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಡಗು ದಕ್ಷಿಣದ ಬಂದರು ಸೇರಿತು. ಮರುದಿನ ಅಲ್ಲಿಂದ ತಂತಿ ಸಂದೇಶ ಬಂತು: ನಿಮ್ಮ ದೀಪವನ್ನು ಬಂದರಿನ ದೀಪವೆಂದು ಭಾವಿಸಿದ್ದೆವು, ಅದು ಆರಿದ್ದರಿಂದ ಬದುಕಿದೆವು, ಮುಂದೆ ಹೀಗೆ ಮಾಡಬೇಡಿ. ಅಧಿಕಾರಿ ಎಣ್ಣೆ ಕೋಣೆಗೆ ಬಂದ. ಅಮ್ಮನನ್ನೂ ಅಲ್ಲೇ ಹಾಕಿದ್ದರು. ತುಟಿ ಊದಿಕೊಂಡು ಅವಳು ಅಜ್ಜನ ಪಕ್ಕ ಪೀಪಾಯಿಗೆ ಒರಗಿ ಕೂತಿದ್ದಳು. ಅವನು ಕ್ಷಮೆ ಕೇಳಲಿಲ್ಲ, ಆದರೆ ನಿಂತ ನಿಲುವು ಬದಲಾಗಿತ್ತು.

"ನೀನು ನಿಜ ಹೇಳಿದ್ದೆ. ನಮ್ಮ ಜನರನ್ನು ಉಳಿಸಿದೆ. ಈಗ ಗಾಜು ಎಲ್ಲಿದೆ ಎಂದೂ ಹೇಳಿಬಿಡು. ನಿನ್ನನ್ನು, ಮುದುಕನನ್ನು ಇವತ್ತೇ ಬಿಡುತ್ತೇನೆ."

"ಹೇಳಲ್ಲ" ಅಂದಳು ಅಮ್ಮ.

"ಯಾಕೆ? ನೀನು ಯಾರ ಕಡೆ?"

"ನಿಮ್ಮ ಕಡೆ ಅಲ್ಲ. ಅಷ್ಟು ಗೊತ್ತಿದ್ರೆ ಸಾಕು."

ಆಗ ಅಜ್ಜ ಬಾಗಿಲ ಕಡೆಗೆ ತಿರುಗಿ ಜೋರಾಗಿ ನಕ್ಕನಂತೆ. ಅದು ಅವನ ಕೊನೆಯ ದೊಡ್ಡ ನಗು. ಅಜ್ಜಿಯನ್ನೂ ಸೇರಿಸಿ ಮೂವರನ್ನೂ ದೂರದ ಶಿಬಿರಕ್ಕೆ ಸಾಗಿಸಿದರು. ಅಜ್ಜ ಅಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡ. ನಾನು ಹುಟ್ಟಿದ್ದೂ ಅಲ್ಲೇ, ಹಳೆಯದೊಂದು ಮಂಜುಗಡ್ಡೆ ಕಾರ್ಖಾನೆಯ ಶೆಡ್ಡಿನಲ್ಲಿ. ಅಜ್ಜಿಯೇ ಹೆರಿಗೆ ಮಾಡಿಸಿದಳು, ಬೈಯುತ್ತಲೇ.

ಯುದ್ಧ ಮುಗಿದು ಊರಿಗೆ ಬಂದಾಗ ಅಪ್ಪ ಬಂದಿರಲಿಲ್ಲ. ಕೊನೆಗೂ ಬರಲಿಲ್ಲ. ಊರು ನಮ್ಮನ್ನು ಮಾತಾಡಿಸಲಿಲ್ಲ. ಆ ಹಡಗಿನ ಬಂದೂಕುಗಳು ದಕ್ಷಿಣದಲ್ಲಿ ಇಳಿದು, ಗುಡ್ಡದಲ್ಲಿದ್ದ ನಮ್ಮವರ ಮೇಲೆಯೇ ಹಾರಿದ್ದವು. ಚಿಕ್ಕಪ್ಪನ ಗುಂಪಿನಲ್ಲಿ ಬದುಕಿದ್ದವರು ಕೆಲವೇ ಮಂದಿ. ಅವನ ಎಡಗೈ ಮೊಣಕೈವರೆಗೂ ಹೋಗಿತ್ತು.

ಅಮ್ಮ ಯಾರಿಗೂ ಸಮಜಾಯಿಷಿ ಕೊಡಲು ಹೋಗಲಿಲ್ಲ. ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಗಾಜು ಕೇಳಲು ಮನೆಮನೆಗೆ ಹೋದಳು. ದರ್ಜಿ ಕಣ್ಣು ತಪ್ಪಿಸಿಕೊಂಡೇ ಕೊಟ್ಟ. ಬೇಕರಿಯವಳು ಕೊಟ್ಟು, ಅಮ್ಮನೆದುರೇ ಬಾಗಿಲು ಧಡಾರನೆ ಹಾಕಿದಳು. ಸೂಲಗಿತ್ತಿ ಮಾತ್ರ ನನ್ನನ್ನು ಎತ್ತಿಕೊಂಡು, "ಇದಕ್ಕೆ ಅಜ್ಜನ ಮೂಗು" ಅಂದಳು. ಅಮ್ಮ ಹಿಟ್ಟು ತೊಳೆದು, ನೂಲು ಬಿಡಿಸಿ, ಪಟ್ಟಿಪಟ್ಟಿಯಾಗಿ ಚೌಕಟ್ಟಿಗೆ ಕೂರಿಸಿದಳು. ನಡುವಿನ ಗುಂಡು ಗಾಜಿನ ಜಾಗ ಮಾತ್ರ ಖಾಲಿ.

ಕಡೆಗೆ ಒಂದು ಕೈಗಾಡಿ ತಳ್ಳಿಕೊಂಡು ಚಿಕ್ಕಪ್ಪನ ಕೋಣೆಗೆ ಹೋದಳು. ಅಚ್ಚುಕೂಟದ ಹಿಂದಿನ ಕೋಣೆ; ಮಂಚ, ಶಾಯಿಯ ವಾಸನೆ, ಮಂಚದ ಕೆಳಗೆ ಅಜ್ಜಿಯ ಮದುವೆ ಸೀರೆಯಲ್ಲಿ ಸುತ್ತಿದ ಗಾಜು.

"ಕೊಡಲ್ಲ" ಅಂದ ಚಿಕ್ಕಪ್ಪ. "ಆ ಹಡಗು ಮುಳುಗಿದ್ದಿದ್ರೆ ನನ್ನ ಹುಡುಗರು ಇರ್ತಿದ್ರು. ಇಲ್ಲ ಅನ್ನು ನೋಡೋಣ."

"ಇಲ್ಲ ಅನ್ನಲ್ಲ" ಅಂದಳು ಅಮ್ಮ. "ಇರ್ತಿದ್ರು. ಅದಕ್ಕೇ ರಾತ್ರಿ ನಿದ್ದೆ ಬರಲ್ಲ. ಆದ್ರೆ ನಾಳೆ ಅದೇ ದೀಪ ಹಚ್ಚಿದ್ರೂ ನಾನು ಅದನ್ನೇ ಮಾಡ್ತೀನಿ."

"ಇಷ್ಟು ಹೇಳೋಕೆ ಧೈರ್ಯ ಬೇಕು ನಿನಗೆ."

"ಇದೆ. ಕಾಲು ಸರಿಸು."

ಅವನು ಸರಿಸಲಿಲ್ಲ. ಅಮ್ಮ ನನ್ನನ್ನು ಅವನ ಮಂಚದ ಮೇಲೆ ಕೂರಿಸಿ, ಮಂಡಿಯೂರಿ, ಅವನ ಕಾಲಿನ ಪಕ್ಕದಿಂದಲೇ ಗಾಜನ್ನು ಎಳೆದಳು. ಅವನು ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಗಾಜನ್ನು ಬಾಗಿಲವರೆಗೆ ಎಳೆದು, ಗಾಡಿಗೆ ಏರಿಸುವಷ್ಟರಲ್ಲಿ ಅವಳ ಸೀರೆಯೆಲ್ಲ ಬೆವರು. ನನ್ನನ್ನು ಮತ್ತೆ ಕಟ್ಟಿಕೊಂಡು ಬೀದಿಗೆ ಇಳಿದಳು.

ಗೋಪುರದ ದಾರಿ ಪೂರ್ತಿ ಏರು. ಅರ್ಧದಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಅಕ್ಕಪಕ್ಕದ ಕಿಟಕಿಗಳಲ್ಲಿ ಮುಖಗಳಿದ್ದವು, ಯಾರೂ ಹೊರಗೆ ಬರಲಿಲ್ಲ. ಅವಳು ಚಕ್ರಕ್ಕೆ ಕಾಲು ಕೊಟ್ಟು ಹಲ್ಲು ಕಚ್ಚಿ ನಿಂತಳು. ಆಗ ಹಿಂದಿನಿಂದ ಗಾಡಿ ಹಗುರಾಯಿತು. ಚಿಕ್ಕಪ್ಪ ತನ್ನ ಒಂದೇ ಕೈಯನ್ನೂ ಭುಜವನ್ನೂ ಕೊಟ್ಟು ತಳ್ಳುತ್ತಿದ್ದ.

"ನಾನು ನಿನ್ನ ಕ್ಷಮಿಸಿಲ್ಲ" ಅಂದ, ಏದುಸಿರಿನ ನಡುವೆ.

"ನಾನು ಕೇಳಿಲ್ಲ" ಅಂದಳು ಅಮ್ಮ. "ಬಲಗಡೆ ಒತ್ತು, ಜಾರ್ತಿದೆ."